ಅನುಭವ ಹೇಳುವವರು, ಅರ್ಥ ಹೇಳುವವರು: ಗುಣಾತ್ಮಕ ದತ್ತಾಂಶದ ವಿಶ್ಲೇಷಣೆಯಲ್ಲಿ ಸೇವಾ ಬಳಕೆದಾರರ ಸ್ಥಾನ

ಮನೋವೈದ್ಯರು ಇಸಿಟಿ ಎಂದೂ ಜನಸಾಮಾನ್ಯರು ‘ಕರೆಂಟ್ ಕೊಡುವುದು’ ಎಂದೂ ಕರೆಯುವ ಚಿಕಿತ್ಸೆಯನ್ನು ಪಡೆದವರಲ್ಲಿ ಶೇ. 80ಕ್ಕಿಂತ ಹೆಚ್ಚು ಮಂದಿ ತೃಪ್ತರಾಗಿದ್ದಾರೆ, ಅದರಿಂದ ಉಂಟಾಗುವ ಮರೆವು ವೈದ್ಯಕೀಯವಾಗಿ ಗಣನೆಗೆ ತೆಗೆದುಕೊಳ್ಳಬೇಕಾದಷ್ಟು ದೊಡ್ಡದಲ್ಲ ಎಂದು ಬ್ರಿಟನ್ನಿನ ಮನೋವೈದ್ಯರ ರಾಯಲ್ ಕಾಲೇಜು ಈ ಶತಮಾನದ ಆರಂಭದಲ್ಲಿ ರೋಗಿಗಳಿಗೆ ತಿಳಿಸುತ್ತಿತ್ತು. ಈ ಹೇಳಿಕೆಗೆ ಆಧಾರವಿಲ್ಲ ಎಂದು 2003ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಒಂದು ಪರಾಮರ್ಶೆ ನೇರವಾಗಿಯೇ ಬರೆಯಿತು. ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಸೇರಿದ ಮನೋವೈದ್ಯಕೀಯ ಸಂಸ್ಥೆಯಲ್ಲಿ ಡಯಾನಾ ರೋಸ್ ಮತ್ತು ಸಂಗಡಿಗರು ಮಾಡಿದ ಆ ಕೆಲಸದಲ್ಲಿ, ಇಸಿಟಿಯ ಬಗ್ಗೆ ರೋಗಿಗಳ ಅಭಿಪ್ರಾಯವನ್ನು ದಾಖಲಿಸಿದ್ದ 35 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಓದಲಾಗಿತ್ತು. ಅವುಗಳಲ್ಲಿ 26 ವೈದ್ಯರು ನಡೆಸಿದವು; ಉಳಿದ 9 ರೋಗಿಗಳೇ ನಡೆಸಿದವು ಇಲ್ಲವೇ ಅವರ ಸಹಭಾಗಿತ್ವದಲ್ಲಿ ನಡೆದವು. ಅವನ್ನೆಲ್ಲ ಓದಲು ಕುಳಿತ ತಂಡದಲ್ಲಿಯೂ ಸ್ವತಃ ಆ ಚಿಕಿತ್ಸೆಗೆ ಒಳಗಾದವರಿದ್ದರು.

ಆ ಪರಾಮರ್ಶೆಯ ಪ್ರಕಾರ, ಕನಿಷ್ಠ ಮೂರನೇ ಒಂದು ಭಾಗದಷ್ಟು ರೋಗಿಗಳು ಬಹುಕಾಲ ಉಳಿಯುವ ಮರೆವಿನ ಬಗ್ಗೆ ಹೇಳಿಕೊಂಡಿದ್ದರು. ರೋಗಿಗಳ ನೇತೃತ್ವದ ಅಧ್ಯಯನಗಳಲ್ಲಿ ಚಿಕಿತ್ಸೆಯಿಂದ ಪ್ರಯೋಜನವಾಯಿತೆಂದವರ ಪ್ರಮಾಣ ವೈದ್ಯರ ಅಧ್ಯಯನಗಳಲ್ಲಿ ಕಂಡುದಕ್ಕಿಂತ ಕಡಿಮೆಯಿತ್ತು. ವೈದ್ಯರೇ ಪ್ರಶ್ನೆ ಕೇಳಿದಾಗ, ಆಸ್ಪತ್ರೆಯ ಆವರಣದಲ್ಲಿಯೇ ಕೇಳಿದಾಗ, ಚಿಕಿತ್ಸೆ ಮುಗಿದ ಸ್ವಲ್ಪ ದಿನಗಳಲ್ಲಿಯೇ ಕೆಲವೇ ಸರಳ ಪ್ರಶ್ನೆಗಳನ್ನು ಕೇಳಿ ಮುಗಿಸಿದಾಗ ತೃಪ್ತಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತಿತ್ತು. ಇದರ ಮುಂದುವರಿಕೆಯಾಗಿ 2005ರಲ್ಲಿ ಬಂದ ಇನ್ನೊಂದು ಬರಹದಲ್ಲಿ ಅದೇ ತಂಡ ಮತ್ತೊಂದು ಸಂಗತಿಯನ್ನು ಮುಂದಿಟ್ಟಿತು: ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರೂ ತಾವು ಮನಃಪೂರ್ವಕವಾಗಿ ಒಪ್ಪಿರಲಿಲ್ಲ ಎಂದು ಸುಮಾರು ಮೂರನೇ ಒಂದು ಭಾಗದಷ್ಟು ಮಂದಿ ಭಾವಿಸಿದ್ದರು. ಸಹಿಯನ್ನು ಒಪ್ಪಿಗೆಯ ಪುರಾವೆಯೆಂದು ಎಣಿಸುವ ಕಣ್ಣಿಗೆ ಇದು ಬೀಳುವಂತೆಯೇ ಇಲ್ಲ. ಆಸ್ಪತ್ರೆಯ ಹಾಸಿಗೆಯ ಮೇಲೆ ಕುಳಿತು ಸಹಿ ಹಾಕುವುದೆಂದರೇನು ಎಂದು ಗೊತ್ತಿರುವವರು ಮಾತ್ರ ಸಹಿಗೂ ಒಪ್ಪಿಗೆಗೂ ನಡುವೆ ಪ್ರಶ್ನೆಯೊಂದನ್ನು ಇಡಬಲ್ಲರು.

ಈ ಪ್ರಕರಣವನ್ನು ಎರಡೂ ಕಡೆಯಿಂದ ನೋಡುವುದು ನ್ಯಾಯ. ರೋಗಿಗಳ ಸಂಘಟನೆಗಳ ಮೂಲಕ ಸಂಗ್ರಹಿಸಿದ ಮಾದರಿಯಲ್ಲಿ ಅತೃಪ್ತರೇ ಹೆಚ್ಚು ಸೇರಿಕೊಳ್ಳುವ ಸಾಧ್ಯತೆಯಿದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ತನ್ನನ್ನು ಮತ್ತೆ ನೋಡಿಕೊಳ್ಳಬೇಕಾದ ವೈದ್ಯನೆದುರು ಕುಳಿತ ರೋಗಿ ಕೊಡುವ ಉತ್ತರದಲ್ಲಿಯೂ ವಾಲಿಕೆ ಇರಬಹುದೆಂಬುದೂ ಅಷ್ಟೇ ಗಂಭೀರವಾಗಿ ಎಣಿಸಬೇಕಾದ ದೋಷ. ಇಲ್ಲಿ ನನ್ನ ಆಸಕ್ತಿ ಯಾವ ಅಂಕಿ ಸರಿ ಎಂಬುದರಲ್ಲಿಲ್ಲ. ಒಂದೇ ರಾಶಿಯ ಮಾತುಗಳನ್ನು ಬೇರೆ ಬೇರೆ ಜನ ಓದಿದಾಗ ಬೇರೆ ಬೇರೆ ಸಂಗತಿಗಳು ಮೇಲೆ ಬರುತ್ತವೆ ಎಂದಾದರೆ, ಆ ಓದಿನ ಹಂತದಲ್ಲಿ ಯಾರಿರಬೇಕು, ಸೇವಾ ಬಳಕೆದಾರರು ಅಂದರೆ ಆ ಸೇವೆಯನ್ನು ಸ್ವತಃ ಪಡೆದವರು ಇರಬೇಕೇ ಎಂಬ ಪ್ರಶ್ನೆ ಸಂಶೋಧನಾ ವಿಧಾನದ ಪ್ರಶ್ನೆಯೇ ಆಗುತ್ತದೆ. ಅದನ್ನು ಸೌಜನ್ಯದ ವಿಷಯವೆಂದು ಬದಿಗಿಡಲು ಬರುವುದಿಲ್ಲ.

ಅಂಕಿಗಳ ಬದಲು ಜನರ ಮಾತುಗಳನ್ನು ಆಧರಿಸುವ ಗುಣಾತ್ಮಕ ಸಂಶೋಧನೆಯಲ್ಲಿ ವಿಶ್ಲೇಷಣೆ ಎಂದರೆ ಏನು ನಡೆಯುತ್ತದೆ ಎಂಬುದನ್ನು ಹೊರಗಿನವರಿಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ಸಂದರ್ಶನಗಳನ್ನು ಧ್ವನಿಮುದ್ರಿಸಿಕೊಂಡು ಅಕ್ಷರಕ್ಕಿಳಿಸುತ್ತಾರೆ. ಒಂದು ಗಂಟೆಯ ಮಾತು ಹತ್ತಾರು ಪುಟಗಳಾಗುತ್ತದೆ. ಸಂಶೋಧಕರು ಅದನ್ನು ಮತ್ತೆ ಮತ್ತೆ ಓದಿ, ಪ್ರತಿ ತುಣುಕಿಗೂ ಅದು ಏನನ್ನು ಹೇಳುತ್ತಿದೆ ಎಂಬುದನ್ನು ಸೂಚಿಸುವ ಚಿಕ್ಕ ಹೆಸರೊಂದನ್ನು, ಅಂದರೆ ಕೋಡ್ ಅನ್ನು, ಕೊಡುತ್ತಾರೆ. ಹತ್ತಿರದ ಕೋಡ್‌ಗಳನ್ನು ಗುಂಪುಗೂಡಿಸಿದಾಗ ಥೀಮ್‌ಗಳು ಸಿಗುತ್ತವೆ. ವರದಿಯ ಅಧ್ಯಾಯಗಳು, ಶಿಫಾರಸುಗಳು ಆ ಥೀಮ್‌ಗಳಿಂದಲೇ ಹುಟ್ಟುತ್ತವೆ. ವರ್ಜೀನಿಯಾ ಬ್ರೌನ್ ಮತ್ತು ವಿಕ್ಟೋರಿಯಾ ಕ್ಲಾರ್ಕ್ 2006ರಲ್ಲಿ ಆರು ಹಂತಗಳಲ್ಲಿ ವಿವರಿಸಿದ ವಿಧಾನವನ್ನು ಇಂದು ಜಗತ್ತಿನಾದ್ಯಂತ ವ್ಯಾಪಕವಾಗಿ ಬಳಸುತ್ತಾರೆ. ಥೀಮ್‌ಗಳು ದತ್ತಾಂಶದೊಳಗೆ ಅಡಗಿ ಕುಳಿತಿದ್ದು ತಾವಾಗಿಯೇ ಮೇಲೆದ್ದು ಬರುವುದಿಲ್ಲ, ಓದುವವರು ಅವನ್ನು ಕಟ್ಟುತ್ತಾರೆ ಎಂದು ಅವರಿಬ್ಬರೂ ಒತ್ತಿ ಹೇಳಿದ್ದಾರೆ. ಆದರೂ ‘ದತ್ತಾಂಶದಿಂದ ಹೊರಹೊಮ್ಮಿದ ಥೀಮ್‌ಗಳು’ ಎಂಬ ಮಾತು ಪ್ರಬಂಧಗಳಿಂದ ಇನ್ನೂ ಹೋಗಿಲ್ಲ. ಕಟ್ಟಿದವರು ಯಾರು ಎಂಬುದನ್ನು ಮರೆಮಾಡಲು ಅದು ಬಹಳ ಅನುಕೂಲಕರವಾದ ಮಾತು.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ತಾಲ್ಲೂಕು ಆಸ್ಪತ್ರೆಯ ಮಾನಸಿಕ ಆರೋಗ್ಯ ಚಿಕಿತ್ಸಾಲಯಕ್ಕೆ ಬರುವ ಹೆಂಗಸೊಬ್ಬಳು, “ಮಾತ್ರೆ ನುಂಗಿದ್ರೆ ಬೆಳಿಗ್ಗೆ ಏಳೋಕಾಗಲ್ಲ, ಕೂಲಿ ತಪ್ಪುತ್ತೆ, ಅದಕ್ಕೇ ಬಿಟ್ಟೆ” ಎಂದಳೆನ್ನಿ. ವೈದ್ಯಕೀಯ ಹಿನ್ನೆಲೆಯ ಸಂಶೋಧಕರ ಪಟ್ಟಿಯಲ್ಲಿ ಈ ಮಾತಿಗೆ ‘ಚಿಕಿತ್ಸೆಯ ಪಾಲನೆಯಲ್ಲಿ ಕೊರತೆ’ ಎಂಬ ಕೋಡ್ ಸಿಗುವುದು ತೀರ ಸಹಜ. ಅದೇ ಮಾತ್ರೆಯನ್ನು ತಾನೂ ನುಂಗಿ ಮಧ್ಯಾಹ್ನದವರೆಗೆ ಮಂಪರಿನಲ್ಲಿ ಕಳೆದವರು ಅದನ್ನು ‘ದುಡಿಮೆಗೂ ಔಷಧಿಗೂ ನಡುವಿನ ಆಯ್ಕೆ’ ಎಂದು ಗುರುತಿಸಬಹುದು. ಮೊದಲ ಕೋಡ್‌ನಿಂದ ರೋಗಿಗಳಿಗೆ ತಿಳಿವಳಿಕೆ ನೀಡಬೇಕೆಂಬ ಶಿಫಾರಸು ಹುಟ್ಟುತ್ತದೆ. ಎರಡನೆಯದರಿಂದ ಔಷಧಿಯ ಪ್ರಮಾಣವನ್ನೂ ವೇಳೆಯನ್ನೂ ಮರುಪರಿಶೀಲಿಸಬೇಕೆಂಬ ಶಿಫಾರಸು ಹುಟ್ಟುತ್ತದೆ. ಸಂದರ್ಶನ ಒಂದೇ, ಅಕ್ಷರಗಳೂ ಅವೇ.

ಇಂತಹ ವ್ಯತ್ಯಾಸ ಊಹೆಯಲ್ಲಿ ಮಾತ್ರವಲ್ಲ, ನಿಜವಾದ ಅಧ್ಯಯನಗಳಲ್ಲಿಯೂ ಕಂಡಿದೆ. ದಕ್ಷಿಣ ಲಂಡನ್ನಿನ ಸೇಂಟ್ ಜಾರ್ಜ್ಸ್ ವಿಶ್ವವಿದ್ಯಾಲಯದ ಸ್ಟೀವ್ ಗಿಲ್ಲರ್ಡ್ ಮತ್ತು ಸಂಗಡಿಗರು, ಕಾನೂನಿನ ಬಲದಿಂದ ಮನೋವೈದ್ಯಕೀಯ ಆಸ್ಪತ್ರೆಯಲ್ಲಿ ಇರಿಸಿಕೊಳ್ಳಲ್ಪಟ್ಟವರ ಅನುಭವಗಳ ಮೇಲಿನ ಅಧ್ಯಯನವೊಂದರಲ್ಲಿ ಇದನ್ನೇ ಪರೀಕ್ಷಿಸಿ 2010ರಲ್ಲಿ ಬರೆದರು. ಆ ತಂಡದಲ್ಲಿ ವಿಶ್ವವಿದ್ಯಾಲಯದ ಸಂಶೋಧಕರೂ ಮಾನಸಿಕ ಆರೋಗ್ಯ ಸೇವೆಯನ್ನು ಬಳಸಿದ ಸಂಶೋಧಕರೂ ಇದ್ದರು. ಸಂದರ್ಶನಗಳಿಗೆ ಕೋಡ್ ಕೊಡುವಾಗ ಸೇವಾ ಬಳಕೆದಾರ ಸಂಶೋಧಕರು ಮಾತನಾಡಿದವರ ಅನುಭವ ಮತ್ತು ಭಾವನೆಗಳತ್ತ ಹೆಚ್ಚು ಗಮನ ಹರಿಸಿದರು. ವಿಶ್ವವಿದ್ಯಾಲಯದವರು ಬಂಧನದ ಕಾರ್ಯವಿಧಾನ, ಕ್ರಮಗಳತ್ತ ಹೆಚ್ಚು ನೋಡಿದರು. ಬಾಗಿಲು ಮುಚ್ಚಿದ ವಾರ್ಡಿನಲ್ಲಿ ಇರಿಸಿಕೊಂಡದ್ದರ ಬಗ್ಗೆ ಸಂಶೋಧನೆ ನಡೆಯುವಾಗ, ಒಂದು ಕಡೆಯವರು ಕೈಬಿಟ್ಟದ್ದನ್ನು ಇನ್ನೊಂದು ಕಡೆಯವರು ಹಿಡಿಯುತ್ತಾರೆ ಎಂದು ಇದರ ಅರ್ಥ. ಬಳಕೆದಾರರ ಓದೇ ಶ್ರೇಷ್ಠವೆಂದು ಇದರಿಂದ ತೀರ್ಮಾನಿಸಲಾಗದು. ಕಾರ್ಯವಿಧಾನದ ಲೋಪಗಳನ್ನು ತೋರಿಸದೆ ಬರೀ ನೋವನ್ನು ತೋರಿಸಿದ ವರದಿಯನ್ನು ಆಡಳಿತಗಾರರು ಕನಿಕರದಿಂದ ಓದಿ ಕಪಾಟಿಗೆ ಸೇರಿಸುವ ಸಂಭವವೂ ಇದೆ.

ಸಂಶೋಧನೆಯಲ್ಲಿ ಸಾರ್ವಜನಿಕರ ಪಾಲ್ಗೊಳ್ಳುವಿಕೆ ಬ್ರಿಟನ್ನಿನಲ್ಲಿ ಹೊಸದಲ್ಲ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆಯ ಸಂಶೋಧನೆಗಾಗಿ 1996ರಲ್ಲಿಯೇ ರಚನೆಯಾದ ಸಲಹಾ ಗುಂಪು ಮುಂದೆ ‘ಇನ್ವಾಲ್ವ್’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಜನರ ‘ಮೇಲೆ’ ಅಥವಾ ಜನರ ‘ಬಗ್ಗೆ’ ನಡೆಯುವ ಸಂಶೋಧನೆ ಜನರೊಡನೆ ಅಥವಾ ಜನರಿಂದಲೇ ನಡೆಯಬೇಕು ಎಂಬುದು ಅದರ ವ್ಯಾಖ್ಯೆಯಾಗಿತ್ತು. ಸೇವಾ ಬಳಕೆದಾರರ ಅನುಭವವನ್ನೇ ಸಂಶೋಧನಾ ಅರ್ಹತೆಯಾಗಿ ಮುಂದಿಟ್ಟುಕೊಂಡ ‘ಶ್ಯೂರ್’ ಎಂಬ ಘಟಕ 2001ರಲ್ಲಿ ಕಿಂಗ್ಸ್ ಕಾಲೇಜಿನಲ್ಲಿ ಆರಂಭವಾಯಿತು. ಮೇಲೆ ಹೇಳಿದ ಇಸಿಟಿ ಪರಾಮರ್ಶೆ ಅಲ್ಲಿಯದೇ. 2019ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಆರು ಮಾನದಂಡಗಳೂ ಪ್ರಕಟವಾದವು. ಇಷ್ಟೆಲ್ಲ ಇದ್ದೂ, ಬಳಕೆದಾರರನ್ನು ಕರೆಯುವ ಹಂತಗಳು ಮಾತ್ರ ಬಹುಪಾಲು ಎರಡು ತುದಿಗಳಲ್ಲಿಯೇ ಉಳಿದಿವೆ. ಆರಂಭದಲ್ಲಿ ಮಾಹಿತಿ ಪತ್ರದ ಭಾಷೆ ಸರಳವಾಗಿದೆಯೇ ಎಂದು ನೋಡಿ ಹೇಳಲು ಕರೆಯುತ್ತಾರೆ. ಕೊನೆಯಲ್ಲಿ ಫಲಿತಾಂಶವನ್ನು ಹಂಚುವ ಸಭೆಯಲ್ಲಿ ಮಾತನಾಡಲು ಕರೆಯುತ್ತಾರೆ. ನಡುವೆ ಅರ್ಥ ನಿರ್ಧಾರವಾಗುವ ತಿಂಗಳುಗಳಲ್ಲಿ ಅವರು ಹೊರಗೆ.

ಇದಕ್ಕೆ ಕೊಡುವ ಕಾರಣಗಳಲ್ಲಿ ಮುಖ್ಯವಾದದ್ದು ತರಬೇತಿ. ವಿಶ್ಲೇಷಣೆಗೆ ಕೌಶಲ ಬೇಕು, ತಂತ್ರಾಂಶ ಗೊತ್ತಿರಬೇಕು, ಸಿದ್ಧಾಂತದ ಪರಿಚಯವಿರಬೇಕು ಎನ್ನುತ್ತಾರೆ. ಇದು ಸುಳ್ಳಲ್ಲ. ಆದರೆ ಈ ಕೌಶಲವನ್ನೆಲ್ಲ ಪಡೆದ ಮೇಲೆ ಸೇವಾ ಬಳಕೆದಾರ ಏನಾಗುತ್ತಾನೆ ಎಂಬುದು ತೊಡಕಿನ ಪ್ರಶ್ನೆ. ಎರಡು ವರ್ಷ ಕೋಡಿಂಗ್ ಕಲಿತು, ಸಂಶೋಧಕರ ಮಾತಿನಲ್ಲಿಯೇ ಮಾತನಾಡಲು ಕಲಿತು, ಎಲ್ಲ ಯೋಜನೆಗಳಿಗೂ ಅವನನ್ನೇ ಕರೆಯಲು ಆರಂಭಿಸಿದರೆ, ಹೊರಗಿನ ನೋಟಕ್ಕಾಗಿ ಕರೆತಂದವನು ಒಳಗಿನವನಾಗಿಬಿಡುತ್ತಾನೆ. ತರಬೇತಿ ಕೊಡದಿದ್ದರೆ ಅವನು ಮೂಲೆಯಲ್ಲಿ ಕುಳಿತು ತಲೆಯಾಡಿಸುವ ಅತಿಥಿ. ಈ ಇಕ್ಕಟ್ಟಿಗೆ ಸರಳವಾದ ಬಿಡುಗಡೆ ಇಲ್ಲ. ಅದನ್ನು ಮುಚ್ಚಿಡುವ ವರದಿಗಳ ಬಗ್ಗೆ ಎಚ್ಚರದಿಂದಿರುವುದು ಒಳ್ಳೆಯದು.

ಎರಡನೆಯ ಆಕ್ಷೇಪ ಪಕ್ಷಪಾತದ್ದು. ತನ್ನ ಅನುಭವವನ್ನೇ ಬೇರೆಯವರ ಮಾತಿನಲ್ಲಿ ಹುಡುಕುವವನು ವಸ್ತುನಿಷ್ಠವಾಗಿ ಓದಬಲ್ಲನೇ ಎಂಬ ಸಂದೇಹ ಅನೇಕ ಸಭೆಗಳಲ್ಲಿ ಏಳುತ್ತದೆ. ಈ ಸಂದೇಹದ ಹಿಂದೆ ಗುಣಾತ್ಮಕ ಸಂಶೋಧನೆಗೆ ಹೊಂದದ ಒಂದು ಕಲ್ಪನೆಯಿದೆ. ಇಬ್ಬರು ಪರಸ್ಪರ ಮಾತನಾಡದೆ ಒಂದೇ ಪಠ್ಯಕ್ಕೆ ಒಂದೇ ಕೋಡ್ ಕೊಟ್ಟರೆ ಅದು ವಿಶ್ವಾಸಾರ್ಹ ಎಂಬ ನಂಬಿಕೆಯಿಂದ, ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ ಕಪ್ಪಾ ಎಂಬ ಸೂಚ್ಯಂಕವನ್ನು ಲೆಕ್ಕಹಾಕುವ ರೂಢಿ ಬಂದಿತು. ರೋಗನಿದಾನದಲ್ಲಿ ಇಬ್ಬರು ವೈದ್ಯರು ಒಪ್ಪುತ್ತಾರೆಯೇ ಎಂದು ನೋಡಲು ಅದು ಸರಿಯಾದ ಸಾಧನ. ಅರ್ಥ ಹೇಳುವ ಕೆಲಸದಲ್ಲಿ ಒಂದೇ ವಿಶ್ವವಿದ್ಯಾಲಯದಲ್ಲಿ, ಒಬ್ಬನೇ ಮಾರ್ಗದರ್ಶಕನ ಕೈಕೆಳಗೆ ಕಲಿತ ಇಬ್ಬರು ಒಪ್ಪಿದರೆ, ಅವರಿಬ್ಬರೂ ಒಂದೇ ರೀತಿ ಓದಲು ಕಲಿತಿದ್ದಾರೆಂದು ಮಾತ್ರ ಸಾಬೀತಾಗುತ್ತದೆ. ಏಂಜೆಲಾ ಸ್ವೀನಿ ಮತ್ತು ಸಂಗಡಿಗರು 2013ರಲ್ಲಿ ಇದಕ್ಕೆ ಪರ್ಯಾಯವಾಗಿ ಬಹುಕೋಡಿಂಗ್ ಪರವಾಗಿ ವಾದಿಸಿದರು. ಬೇರೆ ಬೇರೆ ಹಿನ್ನೆಲೆಯವರು ಒಂದೇ ಪಠ್ಯವನ್ನು ಸ್ವತಂತ್ರವಾಗಿ ಓದಿ, ಆಮೇಲೆ ಒಟ್ಟಿಗೆ ಕುಳಿತು ತಮ್ಮ ಓದುಗಳು ಎಲ್ಲಿ ಬೇರೆಯಾದವು, ಏಕೆ ಬೇರೆಯಾದವು ಎಂದು ಚರ್ಚಿಸುವುದು ಅದರ ತಿರುಳು.

ಈ ಚರ್ಚೆಯ ಫಲವನ್ನು ಏನು ಮಾಡಬೇಕು ಎಂಬುದರಲ್ಲಿ ಹೆಚ್ಚಿನ ತಂಡಗಳು ಎಡವುತ್ತವೆ ಎಂಬುದು ನನ್ನ ಅಭಿಪ್ರಾಯ. ಭಿನ್ನಾಭಿಪ್ರಾಯ ಬಂದಾಗ ಒಮ್ಮತಕ್ಕೆ ಬರಲಾಯಿತು ಎಂದು ಒಂದು ಸಾಲು ಬರೆದು ಮುಗಿಸುವುದು ವಾಡಿಕೆ. ಒಮ್ಮತದಲ್ಲಿ ಯಾರ ಮಾತು ಉಳಿಯುತ್ತದೆ ಎಂಬುದನ್ನು ಊಹಿಸಲು ಹೆಚ್ಚು ಕಷ್ಟಪಡಬೇಕಿಲ್ಲ: ಯೋಜನೆಗೆ ಅನುದಾನ ತಂದವರ, ಪ್ರಬಂಧ ಬರೆಯುವವರ, ಸಭೆಯಲ್ಲಿ ಪದವಿಯ ಬಲದಿಂದ ಕೊನೆಯ ಮಾತಾಡುವವರ ಓದು ಉಳಿಯುತ್ತದೆ. ಎರಡು ಓದುಗಳೂ ಎಲ್ಲಿ ಬೇರೆಯಾದವೆಂದು ಓದುಗರಿಗೆ ತೋರಿಸಿದರೆ, ಆ ಬಿರುಕೇ ಒಂದು ಫಲಿತಾಂಶವಾಗುತ್ತದೆ. ‘ಪ್ರಯೋಜನ’ ಎಂಬುದನ್ನು ವೈದ್ಯರು ಲಕ್ಷಣಗಳ ಇಳಿಕೆಯೆಂದೂ ರೋಗಿಗಳು ನೆನಪು, ದುಡಿಮೆ, ಸಂಬಂಧಗಳೆಲ್ಲ ಸೇರಿದ ಬದುಕಿನ ಲೆಕ್ಕವೆಂದೂ ಓದುತ್ತಾರೆ ಎಂಬುದನ್ನು ತಿಳಿಯುವುದು, ಆ ಎರಡನ್ನೂ ಕಲಸಿ ಶೇಕಡಾವಾರು ಒಂದನ್ನು ಕೊಡುವುದಕ್ಕಿಂತ ಉಪಯುಕ್ತ.

ಹಾಗಾದರೆ ಪ್ರತಿಯೊಬ್ಬ ಬಳಕೆದಾರನೂ ಸಾಲು ಸಾಲಿಗೆ ಕೋಡ್ ಹಾಕುತ್ತ ಕೂರಬೇಕೇ? ಬೇಡ. ಕೋಡಿಂಗ್ ಬೇಸರದ, ವಾರಗಟ್ಟಲೆ ಹಿಡಿಯುವ ಕೆಲಸ. ಸಂಬಳ ಪಡೆಯುವ ಸಂಶೋಧನಾ ಸಹಾಯಕರೂ ಅದನ್ನು ಪ್ರೀತಿಯಿಂದ ಮಾಡುವುದು ಅಪರೂಪ. ವಿಶ್ಲೇಷಣೆಯಲ್ಲಿ ನಿರ್ಣಾಯಕವಾದ ಕ್ಷಣಗಳು ಕೆಲವೇ ಇವೆ: ಏನನ್ನು ಗಮನಿಸಬೇಕೆಂದು ಕೋಡ್‌ಗಳ ಮೊದಲ ಪಟ್ಟಿ ತಯಾರಾಗುವಾಗ, ಕೋಡ್‌ಗಳನ್ನು ಗುಂಪು ಮಾಡಿ ಥೀಮ್‌ಗಳಿಗೆ ಹೆಸರಿಡುವಾಗ, ಯಾವುದನ್ನು ವರದಿಯ ಮುನ್ನೆಲೆಗೆ ತರಬೇಕು ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವಾಗ. ಈ ಮೂರು ಕಡೆ ಬಳಕೆದಾರರು ಇದ್ದರೆ, ನಡುವಿನ ದುಡಿಮೆಯನ್ನು ಯಾರು ಮಾಡಿದರೂ ದೊಡ್ಡ ನಷ್ಟವಿಲ್ಲ. ಪಠ್ಯವನ್ನು ಓದಿಸುವುದಕ್ಕೂ ಮೊದಲು, ಅದೇ ಸೇವೆಯನ್ನು ಬಳಸಿದ ಹಲವರೊಡನೆ ಅವರಿಗೆ ಮುಖ್ಯವಾದದ್ದು ಯಾವುದು ಎಂದು ವಿಸ್ತಾರವಾಗಿ ಮಾತನಾಡಿ, ಆ ಮಾತಿನ ಬೆಳಕಿನಲ್ಲಿ ಸಂಶೋಧಕರು ದತ್ತಾಂಶವನ್ನು ಓದುವುದೂ ಒಂದು ದಾರಿ. ಇದರಲ್ಲಿ ಹೆಚ್ಚು ಜನರನ್ನು ಒಳಗೊಳ್ಳಬಹುದು, ಖರ್ಚೂ ಕಡಿಮೆ. ಆದರೆ ಮೊದಲ ಹಂತದಲ್ಲಿ ಮಾತ್ರ ಮಾತನಾಡಿಸಿ ಕೈತೊಳೆದುಕೊಳ್ಳಲು ಇದೇ ನೆಪವಾಗಬಾರದು.

ಕೆಲಸ ಆರಂಭವಾಗುವ ಹೊತ್ತು ತೀರ ಮುಖ್ಯ. ಕರಡು ಥೀಮ್‌ಗಳು ಸಿದ್ಧವಾದ ಮೇಲೆ ಅವನ್ನು ಪರದೆಯ ಮೇಲೆ ತೋರಿಸಿ ‘ಇದು ನಿಮಗೆ ಸರಿ ಎನಿಸುತ್ತದೆಯೇ’ ಎಂದು ಕೇಳಿದರೆ, ಸರಿ ಎಂಬ ಉತ್ತರವೇ ಬರುತ್ತದೆ. ಅದಾಗಲೇ ರೂಪ ಪಡೆದ ವಾದವನ್ನು, ಬರೆದವರೆದುರಿಗೇ ಕೆಡವಲು ಯಾರಿಗಾದರೂ ಸಂಕೋಚ. ಸಂದರ್ಶನ ಕೊಟ್ಟವರಿಗೇ ಅವರ ಮಾತಿನ ಸಾರಾಂಶವನ್ನು ತೋರಿಸಿ ಒಪ್ಪಿಗೆ ಪಡೆಯುವ ಹಳೆಯ ಕ್ರಮವನ್ನು ಕೆಲವರು ಪಾಲ್ಗೊಳ್ಳುವಿಕೆ ಎಂದೇ ಕರೆಯುತ್ತಾರೆ. ಅದರ ಉಪಯೋಗ ಬೇರೆ. ತಾನು ಹೇಳಿದ್ದು ಸರಿಯಾಗಿ ದಾಖಲಾಗಿದೆಯೇ ಎಂದು ಒಬ್ಬ ವ್ಯಕ್ತಿ ನೋಡುವುದಕ್ಕೂ, ಹಲವರು ಹೇಳಿದ್ದನ್ನು ಒಟ್ಟಾಗಿ ಹೇಗೆ ಅರ್ಥಮಾಡಿಕೊಳ್ಳಬೇಕೆಂದು ಅದೇ ಅನುಭವದ ಇತರರು ಚರ್ಚಿಸುವುದಕ್ಕೂ ಅಂತರವಿದೆ.

ನನಗೆ ಹೆಚ್ಚು ಮೆಚ್ಚುಗೆಯಾದ ಮಾದರಿಯೊಂದು ಬ್ರಿಟನ್ನಿನ ಆಸ್ಪತ್ರೆಗಳ ಸುಧಾರಣಾ ಕೆಲಸದಿಂದ ಬಂದಿದೆ. ಪಾಲ್ ಬೇಟ್ ಮತ್ತು ಗ್ಲೆನ್ ರಾಬರ್ಟ್ ರೂಪಿಸಿದ, ಅನುಭವವನ್ನು ಆಧರಿಸಿದ ಸಹ-ವಿನ್ಯಾಸ ಎಂಬ ಕ್ರಮವನ್ನು ಮೊದಲು ಪ್ರಯೋಗಿಸಿದ್ದು ಲೂಟನ್ ಅಂಡ್ ಡನ್‌ಸ್ಟೇಬಲ್ ಆಸ್ಪತ್ರೆಯ ತಲೆ ಮತ್ತು ಕತ್ತಿನ ಕ್ಯಾನ್ಸರ್ ವಿಭಾಗದಲ್ಲಿ, 2005ರ ಹೊತ್ತಿಗೆ. ರೋಗಿಗಳ ಸಂದರ್ಶನಗಳನ್ನು ವಿಡಿಯೊ ಮಾಡಿ, ಅವುಗಳಿಂದ ಅರ್ಧ ಗಂಟೆಯಷ್ಟು ಉದ್ದದ ಚಿತ್ರವೊಂದನ್ನು ಸಂಕಲಿಸುತ್ತಾರೆ. ಮೊದಲು ಅದನ್ನು ರೋಗಿಗಳೇ ಒಟ್ಟಾಗಿ ನೋಡುತ್ತಾರೆ. ತಮ್ಮ ಮಾತಿನಲ್ಲಿ ಯಾವುದನ್ನು ತೆಗೆಯಬೇಕೆಂದು ಹೇಳುವ ಹಕ್ಕು ಅವರಿಗಿರುತ್ತದೆ. ಚಿಕಿತ್ಸೆಯ ದಾರಿಯಲ್ಲಿ ಮನಸ್ಸು ಕುಗ್ಗಿದ್ದು ಎಲ್ಲಿ, ಭರವಸೆ ಬಂದದ್ದು ಎಲ್ಲಿ ಎಂದು ಗುರುತಿಸಿ, ತಮ್ಮ ಆದ್ಯತೆಗಳನ್ನು ಪಟ್ಟಿ ಮಾಡುತ್ತಾರೆ. ಆಮೇಲೆ ವೈದ್ಯರು, ದಾದಿಯರೊಡನೆ ಕುಳಿತು ಅದೇ ಚಿತ್ರವನ್ನು ಮತ್ತೆ ನೋಡಿ, ಬದಲಾವಣೆಗಳನ್ನು ಒಟ್ಟಿಗೆ ಯೋಜಿಸುತ್ತಾರೆ. ಇದನ್ನು ಯಾರೂ ವಿಶ್ಲೇಷಣೆ ಎಂದು ಕರೆಯದಿರಬಹುದು, ಆದರೆ ನಡೆಯುವುದು ವಿಶ್ಲೇಷಣೆಯೇ. ಓದು ಬರಹ ಹೆಚ್ಚು ಬಾರದವರೂ ಇದರಲ್ಲಿ ಸಮಾನವಾಗಿ ತೊಡಗಬಹುದು ಎಂಬುದು ನಮ್ಮ ಕಡೆಗೆ ಇದನ್ನು ಇನ್ನಷ್ಟು ಹತ್ತಿರ ತರುತ್ತದೆ. ಇಲ್ಲಿಯೂ ಒಂದು ಬಿಗಿಯಾದ ಕೊಂಡಿಯಿದೆ: ಹತ್ತಾರು ಗಂಟೆಗಳ ವಿಡಿಯೊದಿಂದ ಅರ್ಧ ಗಂಟೆಯನ್ನು ಆರಿಸುವವರು ಸಂಶೋಧಕರು. ಆ ಆಯ್ಕೆಯಲ್ಲಿಯೂ ರೋಗಿಗಳು ಇರಬೇಕೆಂಬ ಬೇಡಿಕೆ ಸಹಜವಾಗಿಯೇ ಎದ್ದಿದೆ.

ತೊಂದರೆಗಳ ಪೈಕಿ ನಾನು ಅತಿ ಗಂಭೀರವೆಂದು ಎಣಿಸುವುದು ಗೋಪ್ಯತೆಯನ್ನು. ಒಂದೇ ಚಿಕಿತ್ಸಾಲಯಕ್ಕೆ ಹೋಗುವವರು ಒಬ್ಬರ ಸಂದರ್ಶನವನ್ನು ಇನ್ನೊಬ್ಬರು ಓದುವಾಗ, ಹೆಸರು, ಊರು ಅಳಿಸಿದ್ದರೂ ಮಾತಿನ ಧಾಟಿ, ಮನೆಯ ಪರಿಸ್ಥಿತಿ, ಒಂದು ಘಟನೆಯ ವಿವರ ಸಾಕು, ಗುರುತು ಸಿಕ್ಕಿಬಿಡುತ್ತದೆ. ಲಂಡನ್ನಿನಂತಹ ನಗರದಲ್ಲಿ ಇದು ತಪ್ಪಿಸಬಹುದಾದ ಅಪಾಯ. ಜಿಲ್ಲೆಗೆ ಒಂದೋ ಎರಡೋ ಚಿಕಿತ್ಸಾಲಯಗಳಿರುವಲ್ಲಿ ಹಾಗಲ್ಲ. ಪಠ್ಯವನ್ನು ಬಳಕೆದಾರ ಸಂಶೋಧಕರೂ ಓದುತ್ತಾರೆ ಎಂಬುದನ್ನು ಸಂದರ್ಶನಕ್ಕೆ ಮೊದಲೇ ಒಪ್ಪಿಗೆ ಪತ್ರದಲ್ಲಿ ಹೇಳಬೇಕು, ಒಂದು ತಾಲ್ಲೂಕಿನವರ ಮಾತನ್ನು ಇನ್ನೊಂದು ತಾಲ್ಲೂಕಿನವರು ಓದುವಂತೆ ಹಂಚಬೇಕು, ಓದುವವರೂ ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಬೇಕು. ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇದನ್ನು ಔಪಚಾರಿಕತೆ ಎಂದು ತಳ್ಳಿಹಾಕುವಂತೆಯೂ ಇಲ್ಲ.

ಬೇರೆಯವರ ನೋವನ್ನು ಓದುತ್ತ ತನ್ನ ನೋವು ಮರುಕಳಿಸುವ ಸಾಧ್ಯತೆಯ ಬಗ್ಗೆ, ಸಂಶೋಧನೆ ನೈತಿಕವಾಗಿದೆಯೇ ಎಂದು ಪರಿಶೀಲಿಸುವ ನೀತಿ ಸಮಿತಿಗಳು ಬಹಳ ಮಾತನಾಡುತ್ತವೆ. ಅದು ನಿಜವೇ, ಜೊತೆಗಿದ್ದು ಮಾತನಾಡುವವರು ಬೇಕು. ಆದರೆ ಅದನ್ನೇ ಮುಂದೆ ಮಾಡಿ ಬಳಕೆದಾರರನ್ನು ದೂರವಿಡುವುದು, ರಕ್ಷಣೆಯ ಹೆಸರಿನಲ್ಲಿ ಬಾಗಿಲು ಮುಚ್ಚಿದಂತೆ. ಸಂಭಾವನೆಯ ಬಗ್ಗೆ ಅವೇ ಸಮಿತಿಗಳು ಅಷ್ಟು ಮಾತನಾಡುವುದಿಲ್ಲ. ಬ್ರಿಟನ್ನಿನಲ್ಲಿ ಪಾಲ್ಗೊಳ್ಳುವವರಿಗೆ ಗಂಟೆಯ ಲೆಕ್ಕದಲ್ಲಿ ಹಣ ಕೊಡುವ ಕ್ರಮವಿದ್ದರೂ, ಸರ್ಕಾರದಿಂದ ಅಂಗವಿಕಲ ಭತ್ಯೆ ಪಡೆಯುವವರು ಆ ಹಣದಿಂದ ಭತ್ಯೆ ಕಳೆದುಕೊಳ್ಳುವ ಭಯದಲ್ಲಿರುತ್ತಾರೆ. ನಮ್ಮಲ್ಲಿ ಒಂದು ದಿನದ ಕಾರ್ಯಾಗಾರವೆಂದರೆ ಒಂದು ದಿನದ ಕೂಲಿ ಹೋದಂತೆ, ಮೇಲೆ ಬಸ್ಸಿನ ಖರ್ಚು. ಊಟ ಮತ್ತು ಒಂದು ಪ್ರಮಾಣಪತ್ರ ಅದಕ್ಕೆ ಪರಿಹಾರವಾಗಲಾರದು.

ಪ್ರಾತಿನಿಧ್ಯದ ಪ್ರಶ್ನೆಯನ್ನೂ ತಪ್ಪಿಸಿಕೊಳ್ಳುವಂತಿಲ್ಲ. ಮಾನಸಿಕ ಅಸ್ವಾಸ್ಥ್ಯದ ಅನುಭವವಿರುವ, ನಗರದ, ಮೇಲ್ಜಾತಿಯ, ಇಂಗ್ಲಿಷ್ ಕಲಿತ ಒಬ್ಬರು ಕೊಳೆಗೇರಿಯ ದಲಿತ ಹೆಂಗಸಿನ ಮಾತನ್ನು ಓದುವಾಗ ರೋಗದ ಹೆಸರೊಂದನ್ನು ಬಿಟ್ಟರೆ ಅವರಿಬ್ಬರ ನಡುವೆ ಸಮಾನವಾದದ್ದು ಹೆಚ್ಚೇನೂ ಇರುವುದಿಲ್ಲ. ಅನುಭವಸ್ಥರೆಂಬ ಒಂದೇ ಹೆಸರಿನಡಿ ಎಲ್ಲರನ್ನೂ ಸೇರಿಸಿದರೆ, ಸಂಶೋಧಕರ ಒಂದು ಗುಂಪಿನ ಜಾಗದಲ್ಲಿ ಇನ್ನೊಂದು ಗುಂಪು ಬಂದು ಕೂರುತ್ತದೆ, ಅಷ್ಟೆ. ಮಿರಾಂಡಾ ಫ್ರಿಕರ್ ಎಂಬ ತತ್ತ್ವಶಾಸ್ತ್ರಜ್ಞೆ 2007ರಲ್ಲಿ ಜ್ಞಾನದ ನೆಲೆಯ ಅನ್ಯಾಯವನ್ನು ಎರಡಾಗಿ ವಿಂಗಡಿಸಿದರು. ಹೇಳುವವರು ಯಾರೆಂಬ ಕಾರಣಕ್ಕೆ ಅವರ ಮಾತನ್ನು ನಂಬದಿರುವುದು ಒಂದು. ತಮಗಾದದ್ದನ್ನು ಅರ್ಥಮಾಡಿಕೊಳ್ಳಲು ಬೇಕಾದ ಪರಿಕಲ್ಪನೆಗಳೇ ಸಮಾಜದಲ್ಲಿ ಲಭ್ಯವಿಲ್ಲದಿರುವುದು ಇನ್ನೊಂದು. ಥೀಮ್‌ಗಳಿಗೆ ಹೆಸರಿಡುವ ಕೋಣೆಯಲ್ಲಿ ಎರಡನೆಯದು ನಡೆಯುತ್ತದೆ, ಹೆಚ್ಚಾಗಿ ಯಾರ ಕೆಟ್ಟ ಉದ್ದೇಶವೂ ಇಲ್ಲದೆ.

ಭಾರತದ ಕಾನೂನು ಈ ದಿಕ್ಕಿನಲ್ಲಿ ಮಾತಿನ ಮಟ್ಟಕ್ಕೆ ಬಂದಿದೆ. ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ, ಅವರಿಗೆ ಸಂಬಂಧಿಸಿದ ನಿರ್ಧಾರಗಳಲ್ಲಿ ಅವರನ್ನು ನಿಕಟವಾಗಿ ತೊಡಗಿಸಿಕೊಳ್ಳಬೇಕೆನ್ನುತ್ತದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಸ್ನಾಯು ಸಡಿಲಿಸುವ ಔಷಧಿ ಮತ್ತು ಅರಿವಳಿಕೆ ಇಲ್ಲದೆ ಇಸಿಟಿ ಕೊಡುವುದನ್ನು ನಿಷೇಧಿಸಿದ್ದಲ್ಲದೆ, ಕೇಂದ್ರ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಮಾನಸಿಕ ಅಸ್ವಾಸ್ಥ್ಯ ಇರುವ ಅಥವಾ ಇದ್ದವರನ್ನು ಪ್ರತಿನಿಧಿಸುವ ಇಬ್ಬರು ಸದಸ್ಯರಿಗೆ ಸ್ಥಾನ ಕೊಟ್ಟಿದೆ. ಪ್ರಾಧಿಕಾರದಲ್ಲಿ ಕೂರಬಹುದಾದವರು ಸಂಶೋಧನಾ ತಂಡದಲ್ಲಿ ಕೂರುವುದು ಮಾತ್ರ ಇನ್ನೂ ಅಪರೂಪ. 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ ಮುಂದೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಸೇವೆಯನ್ನು ಜನರ ಬಳಿಗೆ ಒಯ್ಯುವುದರಲ್ಲಿ ಮುಂದಿದ್ದ ರಾಜ್ಯದಲ್ಲಿ ಸೇವೆಯ ಅರ್ಥವನ್ನು ಜನರಿಂದ ಪಡೆಯುವ ಕೆಲಸ ಅಷ್ಟೇ ಬೆಳೆದಿಲ್ಲ.

ಅಪವಾದಗಳಿವೆ, ಮತ್ತು ಅವು ಮಾನಸಿಕ ಆರೋಗ್ಯದ ಹೊರಗಿವೆ. ಮೈಸೂರಿನ ಆಶೋದಯ ಸಮಿತಿ ಲೈಂಗಿಕ ವೃತ್ತಿಯಲ್ಲಿರುವವರದೇ ಸಂಘಟನೆ. ಎಚ್‌ಐವಿ ತಡೆಯ ಕಾರ್ಯಕ್ರಮಗಳಿಂದ ಬೆಳೆದ ಅದು, ಸೋಂಕು ತಗಲದಂತೆ ಮೊದಲೇ ತೆಗೆದುಕೊಳ್ಳುವ ಮಾತ್ರೆಯಾದ ಪ್ರೆಪ್ ತಮ್ಮ ಸಮುದಾಯಕ್ಕೆ ಹೊಂದುತ್ತದೆಯೇ ಎಂಬ ಅಧ್ಯಯನದಲ್ಲಿ ತನ್ನ ಸದಸ್ಯರನ್ನೇ ಸಮುದಾಯ ಸಂಶೋಧಕರನ್ನಾಗಿ ತೊಡಗಿಸಿತು. ಮೊದಲು ಸಂಘಟನೆ ಇತ್ತು, ಆಮೇಲೆ ಸಂಶೋಧನೆ ಬಂತು ಎಂಬುದನ್ನು ಗಮನಿಸಬೇಕು. ಪಾಲ್ಗೊಳ್ಳುವವರು ಒಬ್ಬೊಬ್ಬರಾಗಿ ಬರದೆ, ತಮ್ಮೊಳಗೆ ಅದಾಗಲೇ ಚರ್ಚಿಸಿ, ತಮಗೆ ಉತ್ತರದಾಯಿಯಾದ ಗುಂಪಿನ ಪರವಾಗಿ ಬಂದಾಗ, ಪ್ರಾತಿನಿಧ್ಯದ ಪ್ರಶ್ನೆಗೂ ತಲೆಯಾಡಿಸುವ ಅತಿಥಿಯ ಪ್ರಶ್ನೆಗೂ ಏಕಕಾಲಕ್ಕೆ ಒಂದು ಮಟ್ಟಿಗೆ ಉತ್ತರ ಸಿಗುತ್ತದೆ.

ಕರ್ನಾಟಕದಲ್ಲಿ ಇದಕ್ಕೆ ವಿಶೇಷವಾದ ಅಡ್ಡಿ ಭಾಷೆಯದು. ಸಂದರ್ಶನ ನಡೆಯುವುದು ಕನ್ನಡದಲ್ಲಿ, ತುಳುವಿನಲ್ಲಿ, ಉರ್ದುವಿನಲ್ಲಿ, ಲಂಬಾಣಿಯಲ್ಲಿ. ಅಕ್ಷರಕ್ಕಿಳಿಯುವ ಹೊತ್ತಿಗೇ ಅದು ಇಂಗ್ಲಿಷ್ ಆಗಿರುತ್ತದೆ. ಕೋಡ್‌ಗಳು, ಥೀಮ್‌ಗಳು, ಚರ್ಚೆ, ಪ್ರಬಂಧ ಎಲ್ಲವೂ ಇಂಗ್ಲಿಷಿನಲ್ಲಿ. ಹೀಗಾಗಿ ಮಾತನಾಡಿದವರನ್ನು ವಿಶ್ಲೇಷಣೆಯಿಂದ ಹೊರಗಿಡಲು ಯಾರೂ ನಿರ್ಧರಿಸಬೇಕಾಗಿಯೇ ಇಲ್ಲ, ಅನುವಾದವೇ ಆ ಕೆಲಸವನ್ನು ಮಾಡಿ ಮುಗಿಸಿರುತ್ತದೆ. ಯೂನಿಕೋಡ್ ಬಂದ ಮೇಲೆ ಕನ್ನಡ ಪಠ್ಯವನ್ನು ಕನ್ನಡದಲ್ಲಿಯೇ ಕೋಡ್ ಮಾಡಲು ತಾಂತ್ರಿಕವಾಗಿ ದೊಡ್ಡ ತಡೆ ಇಲ್ಲ. ಥೀಮ್‌ಗಳು ಗಟ್ಟಿಯಾಗುವವರೆಗೆ ಮೂಲ ಭಾಷೆಯಲ್ಲಿಯೇ ಕೆಲಸ ಮಾಡಿ, ಪ್ರಕಟಣೆಗೆ ಬೇಕಾದ ಭಾಗಗಳನ್ನು ಮಾತ್ರ ಕೊನೆಗೆ ಅನುವಾದಿಸಿದರೆ ಖರ್ಚೂ ಕಡಿಮೆ. ತಡೆ ಇರುವುದು ಮಾರ್ಗದರ್ಶಕರ, ಅನುದಾನ ಕೊಡುವವರ, ಪತ್ರಿಕೆಗಳ ರೂಢಿಯಲ್ಲಿ.

ಇಂಗ್ಲಿಷಿಗೆ ತಿರುಗಿಸುವ ಈ ಆತುರಕ್ಕೆ ಈಗ ಇನ್ನೊಂದು ಕಾರಣ ಸೇರಿದೆ. ನೂರಾರು ಪುಟಗಳ ಸಂದರ್ಶನಕ್ಕೆ ಕೆಲವೇ ನಿಮಿಷಗಳಲ್ಲಿ ಕೋಡ್ ಹಚ್ಚಿ ಥೀಮ್‌ಗಳನ್ನು ಪಟ್ಟಿ ಮಾಡಿಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳು ಸಂಶೋಧಕರ ಕಂಪ್ಯೂಟರುಗಳಿಗೆ ಬಂದಿವೆ, ಮತ್ತು ಅವು ಇಂಗ್ಲಿಷಿನಲ್ಲಿ ಹೆಚ್ಚು ಚುರುಕು. ವಾರಗಟ್ಟಲೆಯ ದುಡಿಮೆ ಉಳಿಯುವುದು ಸಣ್ಣ ಲಾಭವಲ್ಲ. ಉಳಿದ ಸಮಯವನ್ನೂ ಹಣವನ್ನೂ ಬಳಕೆದಾರರೊಡನೆ ಕುಳಿತು ಆ ಪಟ್ಟಿಯನ್ನು ಮೂಲ ಧ್ವನಿಮುದ್ರಣದ ಎದುರಿಗಿಟ್ಟು ಪ್ರಶ್ನಿಸಲು ಬಳಸಿದರೆ, ಇಡೀ ಕ್ರಮ ಇಂದಿನದಕ್ಕಿಂತ ಉತ್ತಮವಾಗಬಹುದು. ಇಲ್ಲದಿದ್ದರೆ, ಈಗಾಗಲೇ ಬರೆದಿಟ್ಟ ಸಾಹಿತ್ಯದಲ್ಲಿ ಪದೇ ಪದೇ ಬರುವ ಹೆಸರುಗಳನ್ನೇ ಯಂತ್ರ ಮರಳಿ ಹೇಳುತ್ತದೆ. ‘ಚಿಕಿತ್ಸೆಯ ಪಾಲನೆಯಲ್ಲಿ ಕೊರತೆ’ ಎಂಬ ಕೋಡ್ ಆ ಸಾಹಿತ್ಯದಲ್ಲಿ ಧಾರಾಳವಾಗಿ ಸಿಗುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಪ್ರತಿ ನೀತಿ ಸಮಿತಿಯಲ್ಲಿಯೂ ಒಬ್ಬ ಸಾಮಾನ್ಯ ವ್ಯಕ್ತಿ ಸದಸ್ಯರಾಗಿರಬೇಕು. ಪ್ರಸ್ತಾವ ಮುಂದೆ ಬಂದಾಗ ಮಾಹಿತಿ ಪತ್ರ ಅರ್ಥವಾಗುತ್ತದೆಯೇ, ಒಪ್ಪಿಗೆಯನ್ನು ಸರಿಯಾಗಿ ಪಡೆಯುತ್ತಾರೆಯೇ ಎಂದು ಅವರು ಕೇಳುತ್ತಾರೆ. ಸಂಗ್ರಹಿಸಿದ ಮಾತುಗಳನ್ನು ಯಾರು ಓದುತ್ತಾರೆ, ಯಾವ ಭಾಷೆಯಲ್ಲಿ ಓದುತ್ತಾರೆ, ಓದುವವರಲ್ಲಿ ಆ ಸೇವೆಯನ್ನು ಬಳಸಿದವರು ಇದ್ದಾರೆಯೇ, ಅವರಿಗೆ ಸಂಭಾವನೆ ಎಷ್ಟೆಂದು ಆಯವ್ಯಯದಲ್ಲಿ ಬರೆದಿದೆಯೇ ಎಂಬ ಪ್ರಶ್ನೆಗಳನ್ನೂ ಅದೇ ಸಭೆಯಲ್ಲಿ ಕೇಳಲು ಹೊಸ ಕಾನೂನು ಬೇಕಾಗಿಲ್ಲ.